ಮಿದುಳಿನ ಗಾಯ, ಭಾಷೆಯ ರಚನೆ: ಕನ್ನಡದಲ್ಲಿ ವ್ಯಾಕರಣಲೋಪವನ್ನು ಗುರುತಿಸುವ ಬಗೆ

ಮಿದುಳಿಗೂ ಭಾಷೆಗೂ ಇರುವ ಸಂಬಂಧದ ಆಧುನಿಕ ಅಧ್ಯಯನವನ್ನು ಸಾಮಾನ್ಯವಾಗಿ 1861ರಿಂದ ಎಣಿಸಲಾಗುತ್ತದೆ. ಆ ವರ್ಷ ಪಾಲ್ ಬ್ರೋಕಾ ಲೆಬೋರ್ನ್ ಎಂಬ ರೋಗಿಯ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟರು. ಲೆಬೋರ್ನ್ ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದರೂ ‘ತಾನ್’ ಎಂಬ ಉಚ್ಚಾರದ ಹೊರತು ಹೆಚ್ಚೇನನ್ನೂ ನುಡಿಯಲಾರದವರಾಗಿದ್ದರು. ಎಡ ಲಲಾಟ ಹಾಲೆಯ ಮೂರನೆಯ ಸುರುಳಿಯಲ್ಲಿ ಕಂಡ ಗಾಯವನ್ನು ಆಧರಿಸಿ ಮಾತಿನ ಉತ್ಪಾದನೆಗೆ ಅಲ್ಲೊಂದು ನೆಲೆಯಿದೆಯೆಂದು ಬ್ರೋಕಾ ಪ್ರತಿಪಾದಿಸಿದರು.

ಅವರು ಆ ಮಿದುಳನ್ನು ಸೀಳದೆ ಉಳಿಸಿದ್ದರಿಂದ ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐ ಮೂಲಕ ಮರುಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಯವು ಹೊರಪದರಕ್ಕೆ ಸೀಮಿತವಾಗಿರದೆ ಇನ್ಸುಲಾವನ್ನೂ ಒಳಗಿನ ಉದ್ದನೆಯ ನರತಂತುಗಳ ಕಟ್ಟನ್ನೂ ವ್ಯಾಪಿಸಿತ್ತು. ಈ ತಂತುಗಳು ಮಿದುಳಿನ ದೂರದ ಭಾಗಗಳ ನಡುವೆ ಸಂಕೇತಗಳನ್ನು ಒಯ್ಯುತ್ತವೆ. ಅವು ತುಂಡಾದರೆ ಎರಡು ತುದಿಗಳು ಸುಸ್ಥಿತಿಯಲ್ಲಿದ್ದರೂ ಅವುಗಳ ಸಹಕಾರ ಕುಂದುತ್ತದೆ. ಹೀಗಾಗಿ ಒಂದು ರೋಗಲಕ್ಷಣಕ್ಕೆ ಒಂದೇ ನೆಲೆಯನ್ನು ಗೊತ್ತುಪಡಿಸುವುದು ಕಷ್ಟ. ಲಕ್ಷಣದ ರೂಪವನ್ನು ಗಾಯದ ಸ್ಥಳವಷ್ಟೇ ಅಲ್ಲ, ರೋಗಿಯ ಭಾಷೆಯ ವ್ಯಾಕರಣವೂ ನಿರ್ಧರಿಸುತ್ತದೆ ಎಂಬುದನ್ನು ನಾವಿಲ್ಲಿ ಕನ್ನಡದ ನಿದರ್ಶನದಿಂದ ವಿವರಿಸುತ್ತೇವೆ.

ಬ್ರೋಕಾ ಬಗೆಯ ವಾಗ್ವೈಕಲ್ಯದಲ್ಲಿ ಕಾಣುವ ‘ವ್ಯಾಕರಣಲೋಪ’ವನ್ನು ಇಂಗ್ಲಿಷ್ ಆಧಾರಿತ ವಿವರಣೆಗಳು ಪ್ರತ್ಯಯ ಹಾಗೂ ವ್ಯಾಕರಣಪದಗಳ ಲೋಪವೆಂದೇ ನಿರೂಪಿಸಿದ್ದವು. 1984ರಲ್ಲಿ ಗ್ರೊಡ್ಜಿನ್ಸ್ಕಿ ಇದನ್ನು ಪ್ರಶ್ನಿಸಿದರು. ಇಂಗ್ಲಿಷಿನಲ್ಲಿ ಪ್ರತ್ಯಯ ಕಳೆದರೂ ಉಳಿಯುವ ಪ್ರಕೃತಿ ಸ್ವತಂತ್ರ ಪದವಾಗಿರುತ್ತದೆ. ಹೀಬ್ರೂವಿನಲ್ಲಿ ಉಳಿಯುವುದು ಉಚ್ಚರಿಸಲಾಗದ ವ್ಯಂಜನಗಳ ಮೂಲ ಮಾತ್ರ. ಆದ್ದರಿಂದ ಹೀಬ್ರೂ ರೋಗಿಗಳಲ್ಲಿ ಲೋಪದ ಬದಲು ಪಲ್ಲಟ, ಅಂದರೆ ಒಂದು ರೂಪದ ಜಾಗದಲ್ಲಿ ಇನ್ನೊಂದು, ಕಾಣಿಸುತ್ತದೆ. 1990ರಲ್ಲಿ ಮೆನ್ ಮತ್ತು ಓಬ್ಲರ್ ಸಂಪಾದಿಸಿದ ಹದಿನಾಲ್ಕು ಭಾಷೆಗಳ ಸಂಕಲನದಲ್ಲಿ ಹಿಂದಿಯಿದೆ. ದ್ರಾವಿಡ ಭಾಷೆ ಯಾವುದೂ ಇಲ್ಲ.

ಕನ್ನಡ ಈ ಎರಡು ತುದಿಗಳ ನಡುವೆ ನಿಲ್ಲುತ್ತದೆ. ‘ಓದು’, ‘ಮಾಡು’ ಮುಂತಾದ ಧಾತುಗಳು ಪ್ರತ್ಯಯವಿಲ್ಲದೆಯೂ ಪದಗಳೇ, ಆದರೆ ಆಗ ಅವು ವಿಧ್ಯರ್ಥದವು. ‘ಹುಡುಗಿ ಪುಸ್ತಕ ಓದು’ ಎಂಬ ಉಕ್ತಿ ಪ್ರತ್ಯಯದ ಲೋಪವೋ ವಿಧ್ಯರ್ಥದ ಪಲ್ಲಟವೋ ಎಂಬುದನ್ನು ರೂಪವೊಂದೇ ಹೇಳಲಾರದು. ‘ಓದಿ’ ಎಂಬುದು ಕೃದಂತಾವ್ಯಯವೂ ಹೌದು, ಗೌರವದ ವಿಧಿಯೂ ಹೌದು. ರೋಗಿ ಅಲ್ಲಿಗೇ ನಿಂತರೆ ಅದು ಮುಗಿಯದ ವಾಕ್ಯವೇ, ಆಖ್ಯಾತ ಪ್ರತ್ಯಯದ ಕೊರತೆಯೇ ಎಂಬುದನ್ನು ಸ್ವರಭಾರ ಮತ್ತು ಸಂದರ್ಭದಿಂದ ತೀರ್ಮಾನಿಸಬೇಕು.

ನಾಮಪದಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ಅವಳು ಪುಸ್ತಕ ಓದಿದಳು’ ಎಂಬಲ್ಲಿ ದ್ವಿತೀಯಾ ಪ್ರತ್ಯಯವಿಲ್ಲದಿರುವುದು ಸಹಜ ಕನ್ನಡ. ‘ಅವಳು ಹುಡುಗ ಕರೆದಳು’ ಎಂಬುದು ಅಲ್ಲ. ‘ಅವರು ಡಾಕ್ಟರು’ ಎಂಬ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ‘ಬಂದಳು’ ಎಂಬುದಕ್ಕೆ ಕರ್ತೃಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ರೋಗಲಕ್ಷಣವೆನಿಸುವ ಆರ್ಟಿಕಲ್, ಸಹಾಯಕ ಕ್ರಿಯಾಪದ, ಸರ್ವನಾಮಗಳ ಕೊರತೆಗಳಲ್ಲಿ ಮೊದಲನೆಯದಕ್ಕೆ ಕನ್ನಡದಲ್ಲಿ ನೇರ ಸಮಾನವೇ ಇಲ್ಲ. ಉಳಿದವು ಅನೇಕ ವೇಳೆ ಆರೋಗ್ಯವಂತರ ಮಾತಿನ ನಡೆಯೇ ಆಗಿರುತ್ತವೆ.

ಇದರ ಪರಿಣಾಮ ಚಿಕಿತ್ಸಾಲಯದಲ್ಲಿ ಕಾಣುತ್ತದೆ. ಲೋಪಗಳನ್ನು ಬರಿದೆ ಎಣಿಸಿದರೆ ಸಹಜವಾದ ‘ಪುಸ್ತಕ ಓದಿದಳು’ ದೋಷಗಳ ಪಟ್ಟಿಗೆ ಸೇರುತ್ತದೆ. ‘ಹುಡುಗಿ ಬಂದನು’ ಎಂಬ ನಿಜವಾದ ದೋಷದಲ್ಲಿ ಏನೂ ಲೋಪವಾಗಿಲ್ಲವಾದ್ದರಿಂದ ಅದು ಎಣಿಕೆಯಿಂದ ತಪ್ಪಿಹೋಗುತ್ತದೆ. ಪಾರ್ಶ್ವವಾಯುವಿನ ನಂತರ ಮಾತನ್ನು ಮರಳಿ ಕಲಿಯುತ್ತಿರುವವರಿಗೆ ಯಾವ ಅಭ್ಯಾಸ ಕೊಡಬೇಕೆಂಬ ನಿರ್ಧಾರ ಈ ಎಣಿಕೆಯ ಮೇಲೆ ನಿಂತಿರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳಲ್ಲಿ ಕನ್ನಡದ ರೋಗಿಗಳ ಅಧ್ಯಯನ ನಡೆಯುತ್ತಿರುವಾಗ ವರ್ಣನಾತ್ಮಕ ವ್ಯಾಕರಣಕಾರರ ಹೊಣೆಯೂ ಇಲ್ಲಿದೆ.

ಆದ್ದರಿಂದ ನಾವು ಎರಡು ನಿಯಮಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಪ್ರತ್ಯಯವು ಕಡ್ಡಾಯವಾಗಿರುವ ಸಂದರ್ಭಗಳಲ್ಲಿ ಮಾತ್ರ ಅದರ ಅಭಾವವನ್ನು ದೋಷವೆಂದು ಎಣಿಸಬೇಕು, ಪಲ್ಲಟವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಎರಡನೆಯದಾಗಿ, ಹೋಲಿಕೆಯ ಮಾನದಂಡವು ಗ್ರಂಥಸ್ಥ ಕನ್ನಡವಾಗದೆ ರೋಗಿಯ ಪ್ರದೇಶದ ಆರೋಗ್ಯವಂತರ ಆಡುನುಡಿಯಾಗಬೇಕು. ಇವನ್ನು ಪಾಲಿಸಿದ ಮೇಲೆಯೇ ಗಾಯದಿಂದ ಬಂದದ್ದು ಯಾವುದು, ಭಾಷೆಯಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ಸಾಧ್ಯ.