ಗೋಧಿಯ ತುಕ್ಕು ರೋಗವೂ ಬೀಜದೊಳಗಿನ ಕಾವಲೂ

ನಮ್ಮಲ್ಲಿ ಅನೇಕರು ಅಕ್ಕಿಯ ನಾಡಿನಿಂದ ಬಂದವರು. ಆದರೂ ಪರಸ್ಥಳಕ್ಕೆ ಬಂದ ಮೇಲೆ ನಮ್ಮ ಬಾಳು ಗೋಧಿಯೊಡನೆ ಹೆಣೆದುಕೊಂಡಿದೆ. ಹೋಟೆಲಿನ ಉಪ್ಪಿಟ್ಟು, ಪೂರಿ, ಕಚೇರಿಯ ಡಬ್ಬಿಯ ಚಪಾತಿ ಎಲ್ಲವೂ ಅದರ ಕೊಡುಗೆಯೇ. ಆ ಗೋಧಿಯ ಬದ್ಧವೈರಿಯಾದ ತುಕ್ಕು ರೋಗದ ವಿಷಯವನ್ನು ನಾವು ಅಲ್ಪಸ್ವಲ್ಪವಾದರೂ ಅರಿತಿರುವುದು ಯುಕ್ತ.

ತುಕ್ಕು ಒಂದು ಶಿಲೀಂಧ್ರ. ಕಪ್ಪು, ಕಂದು, ಹಳದಿ ಎಂದು ಅದು ಮೂರು ಬಗೆ. ಎಲೆ, ಕಾಂಡಗಳ ಮೇಲೆ ಕಬ್ಬಿಣದ ಕಿಲುಬಿನಂತಹ ಪುಡಿ ಏಳುತ್ತದೆ. ಕಾಳಿಗೆ ಸೇರಬೇಕಾದ ಸತ್ತ್ವವನ್ನು ರೋಗವು ನಡುದಾರಿಯಲ್ಲೇ ಕಬಳಿಸುವುದರಿಂದ ತೆನೆಯಲ್ಲಿ ಸುಕ್ಕಿದ ಜೊಳ್ಳು ಮಾತ್ರ ಉಳಿಯುತ್ತದೆ. 1946-47ರಲ್ಲಿ ಕಪ್ಪು ತುಕ್ಕು ಮಧ್ಯ ಭಾರತದ ಬೆಳೆಯನ್ನು ಹಾಳುಗೆಡವಿತು. ಅದು ಮೊದಲೇ ರೇಷನ್ನಿನ ಕಾಲ!

ಬಯಲುಸೀಮೆಯ ಬಿರುಬೇಸಗೆಯಲ್ಲಿ ಈ ರೋಗಕಣಗಳು ಬದುಕಲಾರವು. ಹಾಗಾದರೆ ವರ್ಷವರ್ಷವೂ ರೋಗ ಬರುವುದೆಲ್ಲಿಂದ? ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಕರಮ್‌ಚಂದ್ ಮೆಹತಾ ಅವರು ಇದಕ್ಕೆ ಉತ್ತರವನ್ನಿತ್ತರು. ಬೆಟ್ಟಗಳ ತಂಪಿನಲ್ಲಿ, ಅಲ್ಲಿನ ಗೋಧಿಗಿಡಗಳ ಮೇಲೆ ರೋಗವು ಬೇಸಗೆಯನ್ನು ಕಳೆಯುತ್ತದೆ. ದಕ್ಷಿಣದಲ್ಲಿ ನೀಲಗಿರಿ, ಪಳನಿ ಬೆಟ್ಟಗಳೇ ಅದರ ಬೀಡು. ಅಲ್ಲಿಂದ ಗಾಳಿಯನ್ನೇರಿ ಅದು ಕರ್ನಾಟಕ, ಮಹಾರಾಷ್ಟ್ರಗಳ ಹೊಲಗಳಿಗೆ ಇಳಿಯುತ್ತದೆ.

ಗಾಳಿಗೆ ಬೇಲಿ ಹಾಕಲಾದೀತೇ? ಆದುದರಿಂದ ಕಾವಲನ್ನು ಬೀಜದೊಳಗೇ ಇಡಬೇಕಾಯಿತು. ದಿಲ್ಲಿಯಲ್ಲಿ ಬಿ. ಪಿ. ಪಾಲ್ ಅವರೂ ಸಂಗಡಿಗರೂ ಮೂರು ತುಕ್ಕುಗಳನ್ನೂ ತಡೆಯಬಲ್ಲ ಎನ್.ಪಿ. 809 ಎಂಬ ತಳಿಯನ್ನು 1954ರಲ್ಲಿ ಹೊರತಂದರು. ಆದರೆ ರೋಗವೂ ರೂಪವನ್ನು ಬದಲಿಸುತ್ತದೆ. ರೈ ಧಾನ್ಯದಿಂದ ಪಡೆದ ಎಸ್‌ಆರ್ 31 ಎಂಬ ಒಂದೇ ವಂಶವಾಹಿಯನ್ನು ಜಗತ್ತಿನ ಅನೇಕ ತಳಿಗಳು ನೆಚ್ಚಿದ್ದವು. 1998ರಲ್ಲಿ ಉಗಾಂಡದಲ್ಲಿ ಕಾಣಿಸಿದ, ಯುಜಿ 99 ಎಂದು ಹೆಸರಾದ ಕಪ್ಪು ತುಕ್ಕು ಆ ಕೋಟೆಯನ್ನು ಭೇದಿಸಿತು. ಊರಿನ ಮನೆಗಳಿಗೆಲ್ಲ ಒಂದೇ ಬೀಗವಾದರೆ ಕಳ್ಳನಿಗೆ ಒಂದೇ ಕೀಲಿ ಸಾಕಷ್ಟೆ! ಆದುದರಿಂದಲೇ ಈಗ ಹಲವು ವಂಶವಾಹಿಗಳನ್ನು ಒಂದೇ ತಳಿಯಲ್ಲಿ ಕೂಡಿಸುತ್ತಾರೆ.

ಇಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೂ ಒಂದು ಹಿರಿಮೆಯುಂಟು. ಅಲ್ಲಿ ಜವೆಯೆಂದೂ ಮಹಾರಾಷ್ಟ್ರದಲ್ಲಿ ಖಪಲಿಯೆಂದೂ ಕರೆಯುವ ಹಳೆಯ ಗೋಧಿಗೆ ತುಕ್ಕನ್ನು ಎದುರಿಸುವ ಶಕ್ತಿ ಹುಟ್ಟುಗುಣ. 1922ರಲ್ಲಿ ಅಮೆರಿಕದ ಸ್ಟೇಕ್‌ಮನ್ ಅವರು ಕಪ್ಪು ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಆರಿಸಿಕೊಂಡ ಹನ್ನೆರಡು ತಳಿಗಳಲ್ಲಿ ಖಪಲಿಯೂ ಒಂದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಈ ಜಾತಿಯಲ್ಲೇ ಡಿ.ಡಿ.ಕೆ. 1029ರಂತಹ ತಳಿಗಳನ್ನು ಬೆಳೆಸಿದೆ.

ಹೊಸ ತಳಿಗೆ ಬೇಕಾದ ಬಲವು ಹಳೆಯ ಬೀಜದಲ್ಲಡಗಿದೆ. ಕೊಳ್ಳುವವರಿದ್ದರೆ ಮಾತ್ರ ರೈತನು ಅದನ್ನು ಬಿತ್ತಿಯಾನು. ಊರಿಗೆ ಹೋದಾಗ ಜವೆ ಗೋಧಿಯ ರವೆಯನ್ನು ಕೇಳಿ ತರುವುದು ನಮ್ಮಿಂದಾಗುವ ಸಣ್ಣ ಸೇವೆ.