ಮನೆ ಮಗಳದು, ದಾರಿ ಮಗನದು

ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ, ಸೆರೆಂಬಾನ್ ಪಟ್ಟಣದಿಂದ ಬುಕಿತ್ ಪುತುಸ್ ಘಟ್ಟ ದಾಟಿ ಕ್ವಾಲಾ ಪಿಲಾ ಕಡೆಗೆ ಇಳಿದರೆ ಮಲಯರ ಹಳ್ಳಿಗಳು ಸಿಗುತ್ತವೆ. ಹಳ್ಳಿಗೆ ಅವರು 'ಕಂಪುಂಗ್' ಎನ್ನುತ್ತಾರೆ. ಕಂಬಗಳ ಮೇಲೆ ನಿಂತ ಮರದ ಮನೆ, ಹಿತ್ತಿಲಲ್ಲಿ ತೆಂಗು, ರಂಬುಟಾನ್, ಆಚೆಗೆ ಒಂದಿಷ್ಟು ರಬ್ಬರ್.

ಇಲ್ಲಿ ಹಳೆಯ ಮನೆಯನ್ನು ಗಂಡಸು ತನ್ನದೆನ್ನುವಂತಿಲ್ಲ. ಸುಮಾತ್ರಾದಿಂದ ವಲಸೆ ಬಂದ ಮಿನಂಗ್‌ಕಬಾವು ಜನ ತಂದ 'ಅದತ್ ಪರ್ಪತೆ' ಕಟ್ಟಳೆಯಂತೆ ಪಿತ್ರಾರ್ಜಿತ (ಹಾಗೆನ್ನುವುದೇ ತಪ್ಪು!) ಜಮೀನು ತಾಯಿಯಿಂದ ಮಗಳಿಗೆ. ಮದುವೆಯಾದ ಗಂಡು ಹೆಂಡತಿಯ ಮನೆ ಸೇರುವುದು ರೂಢಿ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ತೀರ ಹೊಸದಲ್ಲ. 1909ರಲ್ಲಿ ಬ್ರಿಟಿಷರ ಕಾಲದ ಕಾಯ್ದೆಯೂ ಈ ಕಟ್ಟಳೆಗೆ ಮುದ್ರೆ ಒತ್ತಿತು. ಇಂಥ ಭೂಮಿಯನ್ನು ನಿಗದಿತ ಕುಲಗಳ ಹೆಣ್ಣಿಗಲ್ಲದೆ ಬೇರೆಯವರಿಗೆ ಮಾರುವಂತಿಲ್ಲ.

ಜಮೀನಿಲ್ಲದ ಗಂಡುಮಕ್ಕಳು ದುಡಿಯಲು ಊರು ಬಿಡುವುದಕ್ಕೆ 'ಮೆರಂತೌ' ಎಂಬ ಹೆಸರೇ ಇದೆ. ತೊಡಕಾಗಿರುವುದು ಹೆಣ್ಣುಮಕ್ಕಳೂ ಹೊರಟ ಮೇಲೆ. ಓದಿ ಕ್ವಾಲಾಲಂಪುರದಲ್ಲಿ ಕೆಲಸಕ್ಕೆ ಸೇರಿದವಳು ಮರಳಿ ಬಂದು ಬೆಳಗಿನ ಜಾವವೇ ರಬ್ಬರ್ ಟ್ಯಾಪಿಂಗಿಗೆ ಇಳಿಯುವಳೇ? ಮಾರೋಣವೆಂದರೆ ಕುಲದ ಕಟ್ಟು. ತಲೆಮಾರು ಕಳೆದಂತೆ ಒಂದೇ ತುಂಡು ನೆಲಕ್ಕೆ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು ಎಂದು ಹಕ್ಕುದಾರರು ಬೆಳೆಯುತ್ತಾರೆ. ಒಬ್ಬರ ಸಹಿ ಸಿಕ್ಕರೆ ಇನ್ನೊಬ್ಬರದು ಸಿಗದು. ನೆಲ ಪಾಳು ಬೀಳುತ್ತದೆ.

ರಂಜಾನ್ ಮುಗಿದು ಹಬ್ಬ ಬಂದಾಗ ಮಾತ್ರ ನೋಡಬೇಕು. 'ಬಾಲಿಕ್ ಕಂಪುಂಗ್', ಅಂದರೆ ಊರಿಗೆ ಮರಳುವ ಸಂಭ್ರಮ. ಹೆದ್ದಾರಿಯಲ್ಲಿ ಕಾರುಗಳು ಇರುವೆಸಾಲಿನಂತೆ ತೆವಳುತ್ತವೆ. ಮುಚ್ಚಿದ ಕಿಟಕಿಗಳು ತೆರೆಯುತ್ತವೆ. ಅಂಗಳದ ಬೆಂಕಿಗೆ ಒರಗಿಸಿದ ಬಿದಿರಿನ ಕೊಳವೆಗಳಲ್ಲಿ, ತೆಂಗಿನ ಹಾಲಿನಲ್ಲಿ, 'ಲೆಮಂಗ್' ಅನ್ನ ಬೇಯುತ್ತದೆ. ರಜೆ ತೀರಿದೊಡನೆ ಮತ್ತೆ ಬೀಗ.