ಅರೆ ಕಂಪೈಲರಿನ ಆಸರೆ

ಹಂಪಿಯ ಆನೆ ಲಾಯದ 11 ಕೋಣೆಗಳ ಕಮಾನುಗಳನ್ನು ನೋಡಿದವರಿಗೆ ಒಂದು ಪ್ರಶ್ನೆ. ಕಮಾನಿನ ನೆತ್ತಿ ನಿಲ್ಲಲು ಎರಡೂ ಬದಿಯ ಆಸರೆ ಬೇಕು. ಬದಿಗಳು ಒಳಕ್ಕೆ ಕುಸಿಯದಿರಲು ನೆತ್ತಿ ಬೇಕು. ಯಾವುದು ಮೊದಲು? ಹೊಸಪೇಟೆಯ ಯಾವ ಗೌಂಡಿಯನ್ನು ಕೇಳಿದರೂ ಎರಡೂ ಅಲ್ಲ, ಮೊದಲು ಸೆಂಟ್ರಿಂಗ್, ಅಂದರೆ ಹಲಗೆಯ ತಾತ್ಕಾಲಿಕ ಆಸರೆ, ಎನ್ನುತ್ತಾನೆ.

ಕ್ರಾಸ್ ಕಂಪೈಲರ್ ಪ್ಯಾಕೇಜ್ ಮಾಡುವವರ ತೊಡಕೂ ಇದೇ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ರಿಸ್ಕ್-ಫೈವ್ ಬೋರ್ಡಿಗೆ ಪ್ರೋಗ್ರಾಂ ಕಟ್ಟಲು ಜಿಸಿಸಿ ಕಂಪೈಲರ್ ಬೇಕು. ಪೂರ್ತಿ ಜಿಸಿಸಿಗೆ ಆ ಬೋರ್ಡಿನ ಸಿ ಲೈಬ್ರರಿಯಾದ ಜಿಲಿಬ್‌ಸಿ ಬೇಕು, ಜಿಲಿಬ್‌ಸಿ ಕಟ್ಟಲು ಮತ್ತೆ ಜಿಸಿಸಿಯೇ ಬೇಕು. ಈ ಸುತ್ತು ಕಂಡ ಕೂಡಲೇ ಪ್ಯಾಕೇಜನ್ನು ಯಾರೋ ತಪ್ಪಾಗಿ ಬರೆದಿದ್ದಾರೆ ಎಂದುಕೊಳ್ಳುವವರು ಬಹಳ. ತಪ್ಪಿಲ್ಲ, ಸುತ್ತು ನಿಜವಾದದ್ದೇ. ಅದನ್ನು ಕಡಿಯುವುದು ಬೇಕೆಂದೇ ಅರ್ಧಕ್ಕೆ ಬಿಟ್ಟ ಕಂಪೈಲರ್. ಮೊದಲು ಬಿನ್‌ಯುಟಿಲ್ಸ್, ಲಿನಕ್ಸ್ ಕರ್ನಲ್ಲಿನ ಹೆಡರ್‌ಗಳು; ಆಮೇಲೆ ಸಿ ಭಾಷೆ ಮಾತ್ರ ಬಲ್ಲ, ಲೈಬ್ರರಿಯ ಗೊಡವೆಯಿಲ್ಲದ ಜಿಸಿಸಿ; ಅದರಿಂದ ಜಿಲಿಬ್‌ಸಿ; ಕೊನೆಗೆ ಸಿ ಪ್ಲಸ್ ಪ್ಲಸ್ ಸಹಿತ ಪೂರ್ತಿ ಜಿಸಿಸಿ.

ಲೈಬ್ರರಿ ಇಲ್ಲವೆಂದು ಮುಂಚೆಯೇ ತಿಳಿಸದಿದ್ದರೆ ಮೊದಲ ಜಿಸಿಸಿಯಲ್ಲೇ, ಅದರ ನೆರವಿನ ಲೈಬ್ರರಿ ಲಿಬ್‌ಜಿಸಿಸಿ ಕಟ್ಟುವ ಹಂತದಲ್ಲಿ, 'ಎಸ್‌ಟಿಡಿಐಒ ಡಾಟ್ ಎಚ್ ಇಲ್ಲ' ಎಂದು ಕೆಲಸ ನಿಂತುಬಿಡುತ್ತದೆ. ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲೇ ಇದೆಯಲ್ಲ, ನಕಲಿಸಿದರಾಯಿತು ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ. ಅದು ಇಂಟೆಲ್ ಯಂತ್ರಕ್ಕೆಂದು ಅಣಿಗೊಂಡ ಹೆಡರ್ ಕುಟುಂಬದ್ದು. ದತ್ತಾಂಶದ ಅಳತೆ, ಜೋಡಣೆ ಯಂತ್ರದಿಂದ ಯಂತ್ರಕ್ಕೆ ಬದಲಾಗಬಹುದು. ಕಂಪ್ಲಿಯ ಗದ್ದೆಗೆ ತೆಗೆದ ಕಾಲುವೆಯ ನಕ್ಷೆ ಹಿಡಿದು ಸಂಡೂರಿನ ಗುಡ್ಡದಲ್ಲಿ ನೀರು ಹರಿಸಲಾದೀತೇ? ಕಂಪೈಲ್ ಆದರೂ ಬೋರ್ಡಿನ ಮೇಲೆ ಪ್ರೋಗ್ರಾಂ ಕೆಡಬಹುದು, ಆಗ ಕಾರಣ ಹುಡುಕುವುದು ಬಲು ಕಷ್ಟ.

ಇನ್ನು, ಈ ಅರೆ ಕಂಪೈಲರನ್ನೂ ಕಟ್ಟಬೇಕಾದ ಮೊಟ್ಟಮೊದಲ ಕಂಪೈಲರಿಗೆ ಯಾರೋ ಕೊಟ್ಟ ದೊಡ್ಡ ಬೈನರಿಯೇ ಗತಿ ಎಂಬ ಮಾತೂ ಈಗ ಹಳೆಯದು. 2023ರಲ್ಲಿ ಗ್ನು ಗೀಕ್ಸ್ ತಂಡ 357 ಬೈಟುಗಳ ಪುಟ್ಟ ಪ್ರೋಗ್ರಾಮಿನಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಜಿಸಿಸಿವರೆಗೆ ಏರಿತು.

ಅರೆ ಕಂಪೈಲರ್ ಬಳಕೆದಾರರ ಕೈಗೆ ಹೋಗುವಂಥದ್ದಲ್ಲ. ಕಮಾನು ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರಲ್ಲ, ಹಾಗೆ. ಆದರೆ ಅದನ್ನು ಎಲ್ಲಿ, ಹೇಗೆ ಹಾಕಿದೆವೆಂಬುದು ಪ್ಯಾಕೇಜಿನಲ್ಲೇ ಬರೆದಿರಬೇಕು, ಯಾರದೋ ತಲೆಯಲ್ಲಿ ಅಲ್ಲ. ಡೆಬಿಯನ್‌ನಲ್ಲಿ ಇದಕ್ಕೆಂದೇ ಬಿಲ್ಡ್ ಪ್ರೊಫೈಲ್‌ಗಳಿವೆ. ಅರೆ ಕಂಪೈಲರಿನ ಹಂತವಾದ ಸ್ಟೇಜ್-1ರಲ್ಲಿ ಯಾವ ಅವಲಂಬನೆ ಬೇಡವೆಂದು ಆ ಸಾಲಿನ ಪಕ್ಕದಲ್ಲೇ ಗುರುತು ಹಾಕುತ್ತಾರೆ. ನಾಳೆ ಹೊಸ ಪ್ರೊಸೆಸರ್ ಬಂದರೆ ಬೇರೊಬ್ಬರು ಆ ಗುರುತು ಹಿಡಿದು ಕೆಲಸ ಶುರುಮಾಡುತ್ತಾರೆ.